ಸ್ಟಾರ್ ಜಗಳದ ಟ್ರೋಲ್ ಅಲೆ ತಾನಾಗಿ ಎದ್ದಿದ್ದಾ, ಕಾಸು ಕೊಟ್ಟು ಎಬ್ಬಿಸಿದ್ದಾ? ಹಂತ ಹಂತವಾಗಿ ನೋಡುವ ಸಮಗ್ರ ಮಾರ್ಗದರ್ಶಿ

ಇಬ್ಬರು ಸ್ಟಾರ್‌ಗಳು ಕಿತ್ತಾಡಿದ ತಕ್ಷಣ ಕಾಮೆಂಟ್‌ಗಳಲ್ಲಿ ಎರಡೇ ಮಾತು. ನಮಗೆ ಆಗದವರ ಪರ ಬರೆದವರೆಲ್ಲ 'ಪೇಯ್ಡ್', ನಮ್ಮವರ ಪರ ಬರೆದವರೆಲ್ಲ 'ಜನರ ಧ್ವನಿ'. ಪರೀಕ್ಷೆ ಮಾಡಿಯೇ ಹೇಳ್ತಿದ್ದೀವಿ ಅನ್ನುವವರೂ ಮಾಡೋದು ಇಷ್ಟೇ: ನಾಲ್ಕು ಅಕೌಂಟ್ ತೆರೆಯುವುದು, ಹೆಸರಿನ ಕೊನೆಯಲ್ಲಿ ಎಂಟು ಅಂಕಿ ಕಂಡರೆ 'ಬಾಟ್' (ಮನುಷ್ಯರಲ್ಲ, ಯಂತ್ರ ನಡೆಸುವ ಅಕೌಂಟ್) ಅಂತ ಷರಾ ಬರೆಯುವುದು. ಹೀಗೆ ಮಾಡಿದರೆ ಪ್ರತಿ ಸಲ ಎಡವುತ್ತೀರಿ. ಅಕೌಂಟ್ ನೋಡುವುದು ನಾಲ್ಕನೇ ಕೆಲಸ. ಎಲ್ಲರೂ ಅದನ್ನೇ ಮೊದಲು ಮಾಡುತ್ತಾರೆ.

ಉದಾಹರಣೆಗೆ ಹಾಲಿವುಡ್‌ನ ಬ್ಲೇಕ್ ಲೈವ್ಲಿ ಮತ್ತು ಜಸ್ಟಿನ್ ಬಾಲ್ಡೋನಿ ಜಗಳವನ್ನು ಇಟ್ಟುಕೊಳ್ಳೋಣ. ಬಾಲ್ಡೋನಿ ನಿರ್ದೇಶಿಸಿ ನಟಿಸಿದ ಸಿನಿಮಾದಲ್ಲಿ ಲೈವ್ಲಿ ನಾಯಕಿ. ಸಿನಿಮಾ 2024ರ ಆಗಸ್ಟ್ 9ರಂದು ಅಮೆರಿಕದಲ್ಲಿ ಬಿಡುಗಡೆಯಾಯಿತು, ಅದೇ ವಾರ ಲೈವ್ಲಿ ವಿರುದ್ಧ ಆನ್‌ಲೈನ್‌ನಲ್ಲಿ ಭಾರೀ ಸಿಟ್ಟು ಎದ್ದಿತು. ಡಿಸೆಂಬರ್ 20ರಂದು ಲೈವ್ಲಿ ಕ್ಯಾಲಿಫೋರ್ನಿಯಾದ ನಾಗರಿಕ ಹಕ್ಕುಗಳ ಇಲಾಖೆಗೆ ದೂರು ಕೊಟ್ಟರು. ಸೆಟ್‌ನಲ್ಲಿ ಲೈಂಗಿಕ ಕಿರುಕುಳ ಆಯಿತು, ಅದನ್ನು ಹೇಳಿದ್ದಕ್ಕೆ ಪಿಆರ್ (ಪ್ರಚಾರ ನೋಡಿಕೊಳ್ಳುವ) ತಂಡ ಇಟ್ಟು ಹೆಸರು ಕೆಡಿಸಿದರು ಎನ್ನುವುದು ದೂರು. ಬಾಲ್ಡೋನಿ ಕಡೆಯವರು ಎರಡನ್ನೂ ನಿರಾಕರಿಸಿದರು. ಜನರ ಸಿಟ್ಟು ತಾನಾಗಿ ಬಂದದ್ದು ಎಂದರು. ಈ ಒಂದು ಪ್ರಕರಣದಲ್ಲಿ ನಾವು ಎಡವುವ ಜಾಗಗಳು ಬಹುತೇಕ ಎಲ್ಲವೂ ಇವೆ.

## ಶುರು ಮಾಡುವ ಮುಂಚೆ: ಎರಡು ಪ್ರಶ್ನೆ ಬೇರೆ ಮಾಡಿ

ಆರೋಪ ನಿಜವಾ? ಆರೋಪವನ್ನು ಹಬ್ಬಿಸಿದ್ದು ಕೂಲಿ ಜನರಾ? ಇವೆರಡೂ ಬೇರೆ ಬೇರೆ ಪ್ರಶ್ನೆ. ನಿಜವಾದ ಸಂಗತಿಯನ್ನೂ ದುಡ್ಡು ಕೊಟ್ಟು ಹಬ್ಬಿಸಬಹುದು. ಅಪ್ಪಟ ಸುಳ್ಳನ್ನು ಸಾವಿರಾರು ಜನ ಪುಕ್ಕಟೆಯಾಗಿ, ಮನಸಾರೆ ನಂಬಿ ಹಬ್ಬಿಸಬಹುದು. 'ಕ್ಯಾಂಪೇನ್ ನಡೆದಿದೆ, ಹಾಗಾದರೆ ಅವರು ನಿರಪರಾಧಿ' ಎಂದು ಒಂದು ಉತ್ತರದಿಂದ ಇನ್ನೊಂದಕ್ಕೆ ಹಾರಿದರೆ ಅಲ್ಲಿಗೆ ಪರೀಕ್ಷೆ ಮುಗಿಯಿತು. ಈ ಮಾರ್ಗದರ್ಶಿ ಎರಡನೇ ಪ್ರಶ್ನೆಗೆ ಮಾತ್ರ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಒಂದು ಕಂಪ್ಯೂಟರ್ (ಮೊಬೈಲ್‌ನಲ್ಲಿ ಅರ್ಧ ಆಯ್ಕೆ ಸಿಗಲ್ಲ), ಒಂದು ಖಾಲಿ ಗೂಗಲ್ ಶೀಟ್, ಎಕ್ಸ್‌ನ (ಹಳೆಯ ಟ್ವಿಟರ್) ಅಡ್ವಾನ್ಸ್ಡ್ ಸರ್ಚ್, ಗೂಗಲ್ ಟ್ರೆಂಡ್ಸ್, ಗೂಗಲ್ ಲೆನ್ಸ್, ವಿಡಿಯೊ ಫ್ರೇಮ್ ತೆಗೆಯಲು ಇನ್‌ವಿಡ್ ಎಕ್ಸ್‌ಟೆನ್ಷನ್, ಪೇಜ್ ಉಳಿಸಲು ವೇಬ್ಯಾಕ್ ಮಷಿನ್. ಎಲ್ಲವೂ ಉಚಿತ. 'ಈ ಅಕೌಂಟ್ ಎಷ್ಟು ಶೇಕಡಾ ಬಾಟ್' ಎಂದು ಅಂಕ ಕೊಡುವ ಸೈಟ್‌ಗಳನ್ನು ಪಟ್ಟಿಗೆ ಸೇರಿಸಿಲ್ಲ, ಬೇಕಂತಲೇ. ಆ ಅಂಕ ನೋಡಿದ ಮೇಲೆ ಯಾರೂ ಮುಂದಿನ ಹಂತಕ್ಕೆ ಹೋಗುವುದೇ ಇಲ್ಲ.

## ಹಂತ 1: ಶೇರ್ ಮಾಡಬೇಡಿ, ಉಳಿಸಿಟ್ಟುಕೊಳ್ಳಿ

ಪೋಸ್ಟ್ ಕಂಡ ಕೂಡಲೇ 'ನೋಡಿ ಎಂಥ ಸುಳ್ಳು' ಅಂತ ಬರೆದು ಕೋಟ್ ಮಾಡುವುದು ಎಲ್ಲರೂ ಮಾಡುವ ಮೊದಲ ತಪ್ಪು. ಬೈದು ಹಂಚಿದರೂ ಹಂಚಿದಂತೆಯೇ. ಆಲ್ಗರಿದಂಗೆ ನಿಮ್ಮ ಸಿಟ್ಟು, ಅವರ ಖುಷಿ ಎರಡೂ ಒಂದೇ ಲೆಕ್ಕ.

ಬದಲಿಗೆ ಲಿಂಕ್ ಕಾಪಿ ಮಾಡಿ, ಸ್ಕ್ರೀನ್‌ಶಾಟ್ ತೆಗೆಯಿರಿ. ಅದರಲ್ಲಿ ಅಕೌಂಟ್‌ನ ಹ್ಯಾಂಡಲ್, ತಾರೀಖು, ಗಂಟೆ ಪೂರ್ತಿ ಕಾಣಬೇಕು. ಪೇಜನ್ನು ವೇಬ್ಯಾಕ್ ಮಷಿನ್‌ನಲ್ಲಿ ಉಳಿಸಿ. ಇನ್‌ಸ್ಟಾಗ್ರಾಮ್ ಪೋಸ್ಟ್‌ಗಳು ಅಲ್ಲಿ ಸರಿಯಾಗಿ ಉಳಿಯಲ್ಲ, ಅದಕ್ಕೆ ಸ್ಕ್ರೀನ್ ರೆಕಾರ್ಡಿಂಗೇ ಗತಿ. ಇದನ್ನು ಮೊದಲೇ ಮಾಡಿ, ಏಕೆಂದರೆ ಕೂಲಿ ಪೋಸ್ಟ್‌ಗಳು ಕೆಲಸ ಮುಗಿದ ಮೇಲೆ ಮಾಯವಾಗುವುದುಂಟು. ನೀವು ಮೂರನೇ ಹಂತಕ್ಕೆ ಬರುವಷ್ಟರಲ್ಲಿ ಮೊದಲನೇ ಪೋಸ್ಟೇ ಇರಲ್ಲ.

## ಹಂತ 2: ಟೈಮ್‌ಲೈನ್ ಕಟ್ಟಿ

ಅತಿ ಹೆಚ್ಚು ಹೊತ್ತು ಇಲ್ಲಿ ಹೋಗಬೇಕು. ಶೀಟ್‌ನಲ್ಲಿ ನಾಲ್ಕು ಕಾಲಂ ಮಾಡಿ: ತಾರೀಖು ಮತ್ತು ಗಂಟೆ, ಏನಾಯಿತು, ಎಲ್ಲಿ, ಲಿಂಕ್. ಮೊದಲು ನಿಜ ಜಗತ್ತಿನ ಘಟನೆಗಳನ್ನು ತುಂಬಿ: ಸಿನಿಮಾ ಬಿಡುಗಡೆ, ಸಂದರ್ಶನ, ವಕೀಲರ ನೋಟಿಸ್, ಎಫ್‌ಐಆರ್, ಜಾಮೀನು ವಿಚಾರಣೆ. ಆಮೇಲೆ ಪೋಸ್ಟ್‌ಗಳು. ಈ ಕ್ರಮ ತಿರುವುಮುರುವಾದರೆ ಪೋಸ್ಟ್‌ಗಳ ಕಣ್ಣಿನಿಂದಲೇ ಘಟನೆಗಳನ್ನು ನೋಡಲು ಶುರು ಮಾಡುತ್ತೀರಿ.

ಗೂಗಲ್ ಟ್ರೆಂಡ್ಸ್‌ನಲ್ಲಿ ಆ ನಟ ಅಥವಾ ನಟಿಯ ಹೆಸರು ಹಾಕಿ, ಹುಡುಕಾಟ ಯಾವ ದಿನ ಏರಿತು ನೋಡಿ. ಎಕ್ಸ್‌ನ ಅಡ್ವಾನ್ಸ್ಡ್ ಸರ್ಚ್‌ನಲ್ಲಿ ಕೆಳಗೆ ತಾರೀಖಿನ ಪೆಟ್ಟಿಗೆ ಇರುತ್ತದೆ. ಆ ದಿನಕ್ಕಿಂತ ಹತ್ತು ದಿನ ಹಿಂದಿನಿಂದ ಶುರು ಮಾಡಿ, 'ಲೇಟೆಸ್ಟ್' ಟ್ಯಾಬ್ ಒತ್ತಿ. 'ಟಾಪ್' ಟ್ಯಾಬ್‌ನಲ್ಲೇ ಉಳಿದರೆ ಆಗಲೇ ವೈರಲ್ ಆದದ್ದು ಮಾತ್ರ ಕಾಣುತ್ತದೆ. ನಮಗೆ ಬೇಕಿರುವುದು ವೈರಲ್ ಆಗುವ ಮುಂಚಿನದು.

ಇಲ್ಲಿ ಜನ ಪದೇ ಪದೇ ಮುಗ್ಗರಿಸುವುದು ಗಂಟೆಯಲ್ಲಿ. ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್ ನಮಗಿಂತ 12 ಗಂಟೆ 30 ನಿಮಿಷ ಹಿಂದೆ. ಅಲ್ಲಿ ಬೆಳಿಗ್ಗೆ 10ಕ್ಕೆ ಹಾಕಿದ ಪೋಸ್ಟ್ ನಮಗೆ ರಾತ್ರಿ 10.30ರದ್ದು. ಎಕ್ಸ್ ನಿಮ್ಮ ಊರಿನ ಗಂಟೆ ತೋರಿಸುತ್ತದೆ, ಅಮೆರಿಕದ ಪತ್ರಿಕೆ ಅದರ ಊರಿನ ಗಂಟೆ ತೋರಿಸುತ್ತದೆ. ಎರಡನ್ನೂ ಹಾಗೇ ಶೀಟಿಗೆ ಸುರಿದರೆ 'ಸುದ್ದಿ ಬರುವ ಮೊದಲೇ ಪೋಸ್ಟ್ ಬಂದಿತ್ತು, ಪಿತೂರಿ!' ಎಂಬ ಮಹಾ ಸಂಶೋಧನೆ ಹುಟ್ಟುತ್ತದೆ. ಎಲ್ಲವನ್ನೂ ಭಾರತದ ಸಮಯಕ್ಕೆ ತಿರುಗಿಸಿಯೇ ಬರೆಯಿರಿ.

ಈಗ ಗಮನಿಸಬೇಕಾದ್ದು ಇದು. ಸಿಟ್ಟಿಗೆ ಕಾರಣವಾದ ಹೊಸ ಘಟನೆ ಇದೆಯಾ, ಇಲ್ಲಾ ಹಳೆಯ ವಸ್ತು ಹೊಸ ತಾರೀಖಿನಲ್ಲಿ ಎದ್ದು ಬಂತಾ? ಲೈವ್ಲಿ ವಿಷಯದಲ್ಲಿ ಜನರನ್ನು ಕೆರಳಿಸಿದ್ದರಲ್ಲಿ 2016ರ ಸಂದರ್ಶನವೊಂದಿತ್ತು. ನಾರ್ವೆಯ ಪತ್ರಕರ್ತೆಯೊಬ್ಬರು ಎಂಟು ವರ್ಷ ಹಳೆಯ ಆ ತುಣುಕನ್ನು, ಸಿನಿಮಾ ಬಿಡುಗಡೆಯಾದ ಬೆನ್ನಲ್ಲೇ ಹಾಕಿದರು. ಬರೀ ಟೈಮ್‌ಲೈನ್ ನೋಡಿದರೆ ಅನುಮಾನ ಬರುತ್ತೆ, ಅಲ್ವಾ? ಆದರೆ ತಾವಾಗಿಯೇ ಹಾಕಿದ್ದು, ಯಾರೂ ಹೇಳಿಸಿಲ್ಲ, ಯಾರಿಂದಲೂ ಹಣ ಪಡೆದಿಲ್ಲ ಎಂದು ಅವರು ಹೇಳಿದರು. ಅದನ್ನು ಅಲ್ಲಗಳೆಯುವ ಕಾಗದ ನಿಮ್ಮ ಕೈಯಲ್ಲಿಲ್ಲ. ಹಾಗಾಗಿ ಶೀಟ್‌ನಲ್ಲಿ ಬರೆಯಬೇಕಾದ್ದು 'ಹಳೆಯ ತುಣುಕು, ಹೊಸ ತಾರೀಖು, ಹಾಕಿದವರ ಹೇಳಿಕೆ: ಸ್ವಂತ ನಿರ್ಧಾರ' ಎಂದಷ್ಟೇ. 'ಪೇಯ್ಡ್' ಅಂತ ಬರೆದಿರೋ, ಹೆಸರು ಕೆಡಿಸುವ ಕೆಲಸವನ್ನು ಈಗ ನೀವು ಮಾಡಿದಂತಾಯಿತು.

ಎಚ್ಚರಿಕೆಯ ಗುರುತು: ಘಟನೆಯೇ ಇಲ್ಲದೆ ಅಲೆ ಏರುವುದು, ಏರಿದಷ್ಟೇ ಬೇಗ ಒಂದೇ ದಿನ ನಿಂತುಹೋಗುವುದು. ಜನರ ನಿಜವಾದ ಸಿಟ್ಟಿಗೆ ಬಾಲ ಇರುತ್ತೆ. ವಾರಗಟ್ಟಲೆ ಗೊಣಗಾಟ, ಮೀಮ್, ತಮಾಷೆ ಎಳೆಯುತ್ತಲೇ ಇರುತ್ತದೆ.

## ಹಂತ 3: ಮೊದಲ ಕಾಪಿ ಹುಡುಕಿ

ಪೋಸ್ಟ್‌ಗಳಲ್ಲಿ ಮತ್ತೆ ಮತ್ತೆ ಬರುವ ಒಂದು ವಾಕ್ಯ ಆರಿಸಿಕೊಳ್ಳಿ. ಐದಾರು ಪದ ಇರಲಿ. ಅದನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲೂ ಎಕ್ಸ್‌ನಲ್ಲೂ ಹುಡುಕಿ, ಹಳೆಯದರತ್ತ ಹೋಗಿ. ಫೋಟೊ ಇದ್ದರೆ ಗೂಗಲ್ ಲೆನ್ಸ್. ವಿಡಿಯೊ ಇದ್ದರೆ ಇನ್‌ವಿಡ್‌ನಿಂದ ನಾಲ್ಕೈದು ಫ್ರೇಮ್ ತೆಗೆದು ಒಂದೊಂದನ್ನೇ ಹುಡುಕಿ.

ಕನ್ನಡದ ಪೋಸ್ಟ್‌ಗಳಲ್ಲಿ ಇದಕ್ಕೊಂದು ಸುಲಭ ದಾರಿ ಇದೆ, ಅಚ್ಚಿನ ತಪ್ಪು. 'ಅಭಿಮಾನಿ' ಎಂದು ಬರೆಯಲು ಹೋಗಿ ಒಬ್ಬ 'ಅಭಿಮನಿ' ಅಂತ ಒತ್ತಿದ ಎಂದುಕೊಳ್ಳಿ. ಅದೇ 'ಅಭಿಮನಿ', ಅದೇ ಜಾಗದಲ್ಲಿ ಎರಡು ಚುಕ್ಕಿ, ಅದೇ ಮೂರು ಬೆಂಕಿ ಎಮೋಜಿ, ಒಂದಕ್ಕೊಂದು ಗೊತ್ತೇ ಇಲ್ಲದ ಮೂವತ್ತು ಅಕೌಂಟ್‌ಗಳಲ್ಲಿ ಕಂಡರೆ ಎಲ್ಲೋ ಒಂದು ಗ್ರೂಪ್‌ನಲ್ಲಿ ಪಠ್ಯ ಹಂಚಿಕೆಯಾಗಿದೆ. ಸರಿಯಾದ ವಾಕ್ಯ ನೂರು ಜನರಿಗೆ ಹೊಳೆಯಬಹುದು. ಒಂದೇ ತಪ್ಪು ನೂರು ಜನರಿಗೆ ಹೊಳೆಯಲ್ಲ.

ಇನ್ನೊಂದು ಗುರುತು, ಅನುವಾದದ ಕನ್ನಡ. ಹಿಂದಿ ಅಥವಾ ತೆಲುಗಿನ ಪೋಸ್ಟನ್ನು ಯಂತ್ರಕ್ಕೆ ಕೊಟ್ಟು ತೆಗೆದ ಕನ್ನಡದಲ್ಲಿ ಲಿಂಗ ಕೆಟ್ಟಿರುತ್ತದೆ, ನಟಿಗೆ 'ಅವನು' ಆಗಿರುತ್ತದೆ, ಬೈಗುಳ ಕೂಡ ನಮ್ಮದಲ್ಲ. ಮಂಡ್ಯದವನೋ ಹುಬ್ಬಳ್ಳಿಯವನೋ ಸಿಟ್ಟು ಬಂದಾಗ 'ನಾಚಿಕೆಗೇಡಿನ ವ್ಯಕ್ತಿತ್ವವನ್ನು ನಾನು ಖಂಡಿಸುತ್ತೇನೆ' ಅನ್ನಲ್ಲ.

ಆದರೆ ನಿಲ್ಲಿ. ಪಠ್ಯ ಹಂಚಿಕೆ ಎಂದರೆ ಕಾಸಿನ ಕೆಲಸ ಎಂದೇ ಅರ್ಥ ಅಲ್ಲ. ನಮ್ಮ ಅಭಿಮಾನಿ ಸಂಘಗಳು 'ಸಂಜೆ 6ಕ್ಕೆ ಎಲ್ಲರೂ ಈ ಟ್ಯಾಗ್ ಹಾಕಿ' ಅಂತ ಪೋಸ್ಟರ್ ಮಾಡಿ ಕರೆ ಕೊಡುತ್ತವೆ. ಅದು ಸಂಘಟಿತ, ಆದರೆ ಬಚ್ಚಿಟ್ಟದ್ದಲ್ಲ. ಯಾರು ಕರೆ ಕೊಟ್ಟರು ಎಂದು ಎಲ್ಲರಿಗೂ ಗೊತ್ತು. ಆಸ್ಟ್ರೋಟರ್ಫಿಂಗ್ ಅನ್ನಬೇಕಾದರೆ ಕರೆ ಕೊಟ್ಟವನು ತೆರೆಮರೆಯಲ್ಲಿದ್ದು, ಸಾಮಾನ್ಯ ಜನರೇ ತಾವಾಗಿ ಬಂದರು ಎಂಬ ನಾಟಕ ಇರಬೇಕು. ಕರೆಯ ಪೋಸ್ಟರ್ ಎಲ್ಲಾದರೂ ಇದೆಯಾ ಎಂದು ಮೊದಲು ಹುಡುಕಿ. ಅದು ಸಿಕ್ಕರೆ ನೀವು ನೋಡುತ್ತಿರುವುದು ಫ್ಯಾನ್ಸ್ ವಾರ್.

## ಹಂತ 4: ಈಗ ಅಕೌಂಟ್‌ಗಳನ್ನು ನೋಡಿ

ಬೈಗುಳ ಬರೆದ ಇಪ್ಪತ್ತು ಅಕೌಂಟ್ ಆರಿಸಿ. ಕಣ್ಣಿಗೆ ಕಟುವಾಗಿ ಕಂಡವನ್ನೇ ಆರಿಸಬೇಡಿ, 'ಲೇಟೆಸ್ಟ್' ಪಟ್ಟಿಯಲ್ಲಿ ಪ್ರತಿ ಐದನೆಯದನ್ನು ತೆಗೆದುಕೊಳ್ಳಿ. ಸುಮ್ನೆ ಹೇಳುತ್ತಿಲ್ಲ. ನಿಮಗೆ ಅನುಮಾನ ಇರುವುದನ್ನೇ ಹೆಕ್ಕಿದರೆ ಉತ್ತರವೂ ನಿಮ್ಮ ಅನುಮಾನವೇ ಆಗಿರುತ್ತದೆ.

ಪ್ರತಿ ಅಕೌಂಟ್‌ಗೆ ಮೂರು ಸಂಗತಿ ಬರೆಯಿರಿ. ಯಾವಾಗ ಶುರುವಾಯಿತು? ಹಿಂದೆ ಹೆಸರು ಬದಲಾಗಿದೆಯಾ? ಈ ಜಗಳ ಬಿಟ್ಟು ಬೇರೆ ಏನಾದರೂ ಮಾತಾಡುತ್ತದಾ? ಇನ್‌ಸ್ಟಾಗ್ರಾಮ್‌ನಲ್ಲಿ ಪ್ರೊಫೈಲ್‌ನ ಮೂರು ಚುಕ್ಕಿ ಒತ್ತಿ 'ಅಬೌಟ್ ದಿಸ್ ಅಕೌಂಟ್' ತೆರೆದರೆ ಸೇರಿದ ತಾರೀಖು ಸಿಗುತ್ತದೆ. ಫೇಸ್‌ಬುಕ್ ಪೇಜ್‌ಗಳಲ್ಲಿ 'ಪೇಜ್ ಟ್ರಾನ್ಸ್‌ಪರೆನ್ಸಿ' ಒಳಗೆ ಹಳೆಯ ಹೆಸರುಗಳಿರುತ್ತವೆ. ನಿನ್ನೆ ತನಕ ಅಡುಗೆ ರೆಸಿಪಿ ಹಾಕುತ್ತಿದ್ದ ಪೇಜ್ ಇವತ್ತು ನಟಿಯೊಬ್ಬಳ 'ನಿಜ ಮುಖ' ಬಯಲು ಮಾಡುತ್ತಿದ್ದರೆ ಅದು ಕೈ ಬದಲಾದ ಪೇಜ್ ಇರಬಹುದು. ಎಕ್ಸ್‌ನಲ್ಲಿ 2025ರ ನವೆಂಬರ್‌ನಿಂದ ಅಕೌಂಟ್ ಯಾವ ದೇಶದ್ದು ಎಂದೂ ಕಾಣುತ್ತಿದೆ. ವಿಪಿಎನ್ ಬಳಸಿದರೆ, ಪ್ರವಾಸದಲ್ಲಿದ್ದರೆ ಅದು ತಪ್ಪು ತೋರಿಸಬಹುದು. ಅದೊಂದನ್ನೇ ಹಿಡಿದು ತೀರ್ಪು ಬೇಡ.

ಮತ್ತೆ ಆ ಎಂಟು ಅಂಕಿ. ಸೈನ್‌ಅಪ್ ಮಾಡುವಾಗ ಎಕ್ಸ್ ತಾನೇ ಅಂಥ ಹೆಸರು ಕೊಡುತ್ತದೆ. ಬದಲಾಯಿಸಲು ಗೊತ್ತಿಲ್ಲದ ನಮ್ಮ ಚಿಕ್ಕಪ್ಪಂದಿರೂ ಅದನ್ನೇ ಇಟ್ಟುಕೊಂಡಿದ್ದಾರೆ. ಡಿಪಿ ಇಲ್ಲದಿರುವುದೂ ಹಾಗೆಯೇ. ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳು ಫೋಟೊ ಹಾಕಲ್ಲ, ಕಾರಣ ಎಲ್ಲರಿಗೂ ಗೊತ್ತಿದೆ.

ದೊಡ್ಡ ತಪ್ಪು ಯಾವುದೆಂದರೆ ಬಾಟ್ ಸಿಗದಿದ್ದರೆ 'ಹಾಗಾದರೆ ತಾನಾಗಿ ಎದ್ದದ್ದು' ಎಂದುಕೊಳ್ಳುವುದು. ಬಾಟ್ ಸೆಂಟಿನೆಲ್ ಎಂಬ ಸಂಸ್ಥೆ 2021ರಲ್ಲಿ ಬ್ರಿಟನ್ ರಾಜಮನೆತನದ ದಂಪತಿ ಮೇಘನ್ ಮತ್ತು ಹ್ಯಾರಿ ವಿರುದ್ಧದ ಟ್ವೀಟ್‌ಗಳನ್ನು ಎಣಿಸಿತು. ಮೂಲ ದ್ವೇಷದ ಪೋಸ್ಟ್‌ಗಳಲ್ಲಿ ಸುಮಾರು 70 ಶೇಕಡಾ ಬಂದದ್ದು ಬರೀ 83 ಅಕೌಂಟ್‌ಗಳಿಂದ ಎಂದಿತು, ಅವುಗಳ ಹಿಂದೆ ಹೆಚ್ಚಾಗಿ ಇದ್ದದ್ದು ಮನುಷ್ಯರೇ ಎಂದೂ ಹೇಳಿತು. ಕೆಲವೇ ಜನ ಹಗಲು ರಾತ್ರಿ ಕೂತು ಬರೆದರೆ ಲಕ್ಷ ಜನರ ಅಭಿಪ್ರಾಯದಂತೆ ಕಾಣುತ್ತದೆ. ನಮ್ಮಲ್ಲೇ ನೋಡಿ. 2025ರ ಜುಲೈನಲ್ಲಿ ದರ್ಶನ್ ಜಾಮೀನಿನ ವಿಚಾರವಾಗಿ ಪೋಸ್ಟ್ ಹಾಕಿದ್ದಕ್ಕೆ ಅಶ್ಲೀಲ ಮೆಸೇಜ್ ಬಂದವೆಂದು ರಮ್ಯಾ ಬೆಂಗಳೂರು ಪೊಲೀಸ್ ಕಮಿಷನರ್‌ಗೆ 43 ಅಕೌಂಟ್‌ಗಳ ಮೇಲೆ ದೂರು ಕೊಟ್ಟರು. ಪೊಲೀಸರು ಹಲವರನ್ನು ಬಂಧಿಸಿದರು. ಬಂಧಿಸಿ ಕರೆತಂದದ್ದು ಬಾಟ್‌ಗಳನ್ನಲ್ಲ.

## ಹಂತ 5: ಕೂಲಿ ಕೈಯ ಕೆಲಸ ಹೇಗಿರುತ್ತೆ ಅಂತ ತಿಳಿದುಕೊಳ್ಳಿ

ಲೈವ್ಲಿ ದೂರಿನಲ್ಲಿ ಕ್ರೈಸಿಸ್ ಪಿಆರ್‌ನವರ (ಹೆಸರು ಕೆಡುವ ಹೊತ್ತಿನಲ್ಲಿ ಸ್ಟಾರ್‌ಗಳು ಇಟ್ಟುಕೊಳ್ಳುವ ಪ್ರಚಾರದವರು) ಮೆಸೇಜ್‌ಗಳು ಸೇರಿದ್ದವು. ಅದರಲ್ಲೊಂದು ದರಪಟ್ಟಿ. ಮೂರು-ನಾಲ್ಕು ತಿಂಗಳಿಗೆ 1,75,000 ಡಾಲರ್‌ನ ಒಂದು ಪ್ಯಾಕೇಜ್, ತಿಂಗಳಿಗೆ 25,000 ಡಾಲರ್‌ನಂತೆ ಕನಿಷ್ಠ ಮೂರು ತಿಂಗಳ ಇನ್ನೊಂದು. ಕೆಲಸದ ವಿವರ ಓದಿ: ರೆಡ್ಡಿಟ್ ಎಂಬ ಚರ್ಚಾ ಸೈಟ್ ನೋಡಿಕೊಳ್ಳುವುದು, ಅಕೌಂಟ್‌ಗಳನ್ನು ತೆಗೆಸುವುದು, ಊಹಾಪೋಹದ ಚರ್ಚೆ ಶುರು ಮಾಡುವುದು, ವಿರುದ್ಧ ಬರೆಯುವವರ ಜೊತೆ ಅಭಿಮಾನಿಗಳಂತೆ ವಾದ ಮಾಡುವುದು. ಎಲ್ಲಕ್ಕಿಂತ ಮುಖ್ಯವಾಗಿ, ಯಾವುದೂ ಪತ್ತೆಯಾಗುವುದಿಲ್ಲ ಎಂಬ ಭರವಸೆ.

ಈ ಪಟ್ಟಿಯಲ್ಲಿ ಹತ್ತು ಸಾವಿರ ಬಾಟ್ ಎಲ್ಲೂ ಇಲ್ಲ. ಒಲೆಗೆ ಬೆಂಕಿ ಹಚ್ಚುವವನು ಒಬ್ಬ, ಸೌದೆ ಹಾಕುವವರು ಊರ ಜನ, ಅಷ್ಟೇ. ಹಾಗಾಗಿ ನೀವು ನೋಡಬೇಕಾದ್ದು ಕಾಮೆಂಟ್‌ಗಳ ರಾಶಿಯನ್ನಲ್ಲ, ಚರ್ಚೆ ಶುರುವಾದ ಜಾಗವನ್ನು. 'ನನಗೊಬ್ಬಳಿಗೇ ಹೀಗನ್ನಿಸುತ್ತಾ?' ಎಂಬ ಮುಗ್ಧ ಪ್ರಶ್ನೆ, ಹೊಸ ಅಕೌಂಟ್, ಐದು ನಿಮಿಷದಲ್ಲಿ ಬಂದು ಒಪ್ಪುವ ನಾಲ್ಕು ಜನ, ಆ ನಾಲ್ವರೂ ಹಿಂದೆ ಇನ್ಯಾರದೋ ಜಗಳದಲ್ಲಿ ಒಟ್ಟಿಗೇ ಕಾಣಿಸಿಕೊಂಡಿರುವುದು. ಈ ನಾಲ್ಕೂ ಸೇರಿದರೆ ದಪ್ಪ ಕೆಂಪು ಗೆರೆ ಎಳೆಯಿರಿ.

ಬಾಲ್ಡೋನಿ ಕಡೆಯ ಉತ್ತರವನ್ನೂ ಶೀಟ್‌ಗೆ ಸೇರಿಸಿ. ಯೋಜನೆ ಕಾಗದದಲ್ಲಿತ್ತು, ಜಾರಿ ಮಾಡುವ ಅಗತ್ಯವೇ ಬರಲಿಲ್ಲ ಎಂಬುದು ಅವರ ವಾದ. ದರಪಟ್ಟಿ ಕಳಿಸಿದ್ದಕ್ಕೂ ಕೆಲಸ ನಡೆದದ್ದಕ್ಕೂ ವ್ಯತ್ಯಾಸ ಇದೆ.

## ಹಂತ 6: ಲೀಕ್ ಆದ ಚಾಟ್ ನೋಡುವಾಗ

ಎಲ್ಲರೂ ಮೈಮರೆಯುವ ಜಾಗ ಇದು. 2024ರ ಡಿಸೆಂಬರ್ 21ರಂದು ನ್ಯೂಯಾರ್ಕ್ ಟೈಮ್ಸ್ ಆ ಪಿಆರ್ ಮೆಸೇಜ್‌ಗಳನ್ನು ಆಧರಿಸಿ ದೊಡ್ಡ ವರದಿ ಮಾಡಿತು. ಬಾಲ್ಡೋನಿ ಕಡೆಯವರು ಹತ್ತು ದಿನದಲ್ಲಿ ಪತ್ರಿಕೆಯ ಮೇಲೆ 25 ಕೋಟಿ ಡಾಲರ್ ದಾವೆ ಹೂಡಿದರು. ಅವರ ಒಂದು ತಕರಾರು ಎಮೋಜಿಯ ಬಗ್ಗೆ. ಮೂಲ ಚಾಟ್‌ನಲ್ಲಿ ತಲೆಕೆಳಗಾದ ನಗುಮುಖ ಇತ್ತು, ಅಂದರೆ ವ್ಯಂಗ್ಯವಾಗಿ ಹೇಳಿದ್ದು, ವರದಿಯಲ್ಲಿ ಅದು ಬಿಟ್ಟುಹೋಗಿ ಮಾತು ನಿಜವಾಗಿ ಕೊಚ್ಚಿಕೊಂಡಂತೆ ಕಾಣುತ್ತಿದೆ ಎಂದರು. ತಕರಾರು ಸರಿಯೋ ತಪ್ಪೋ, ಒಂದು ಎಮೋಜಿಯಿಂದ ವಾಕ್ಯದ ಅರ್ಥ ಬದಲಾಗುವುದಂತೂ ಹೌದು.

ಚಾಟ್ ಸ್ಕ್ರೀನ್‌ಶಾಟ್ ಸಿಕ್ಕಾಗ ಕೇಳಿಕೊಳ್ಳಿ: ಮೇಲಿನ ಎರಡು ಮೆಸೇಜ್, ಕೆಳಗಿನ ಎರಡು ಮೆಸೇಜ್ ಎಲ್ಲಿ? ಗಂಟೆ ಕತ್ತರಿಸಿದ್ದಾರಾ? ಕೋರ್ಟ್‌ಗೆ ಕೊಟ್ಟ ಪ್ರತಿ ಇದೆಯಾ, ಅಥವಾ ಟ್ರೋಲ್ ಪೇಜ್‌ನದು ಮಾತ್ರವಾ? ಅಮೆರಿಕದ ಫೆಡರಲ್ ಪ್ರಕರಣಗಳ ಎಷ್ಟೋ ಕಾಗದಗಳು ಕೋರ್ಟ್‌ಲಿಸನರ್ ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ನಮ್ಮಲ್ಲಿ ಇ-ಕೋರ್ಟ್ಸ್ ಮತ್ತು ಹೈಕೋರ್ಟ್ ಸೈಟ್‌ನಲ್ಲಿ ಆದೇಶಗಳಿರುತ್ತವೆ.

ಆ ಕಾಗದಗಳನ್ನು ಓದುವಾಗಲೂ ಹುಷಾರು. ದೂರಿನಲ್ಲಿರುವುದು ಒಂದು ಕಡೆಯವರ ಮಾತು. ಕೋರ್ಟ್ ಹೇಳಿದ್ದು ಬೇರೆ. 2025ರ ಜೂನ್ 9ರಂದು ನ್ಯಾಯಾಧೀಶ ಲೂಯಿಸ್ ಲೀಮನ್, ಬಾಲ್ಡೋನಿ ಹೂಡಿದ್ದ 40 ಕೋಟಿ ಡಾಲರ್‌ನ ಪ್ರತಿದಾವೆಯನ್ನೂ ಪತ್ರಿಕೆಯ ಮೇಲಿನ ದಾವೆಯನ್ನೂ ವಜಾ ಮಾಡಿದರು. ಕೂಡಲೇ 'ಲೈವ್ಲಿ ಹೇಳಿದ್ದೆಲ್ಲ ಸಾಬೀತಾಯಿತು' ಎಂಬ ಪೋಸ್ಟರ್‌ಗಳು ಬಂದವು. ಆದೇಶದಲ್ಲಿ ಮುಖ್ಯವಾಗಿದ್ದುದು, ಇಲಾಖೆಗೆ ಕೊಟ್ಟ ದೂರಿನ ಮಾತುಗಳ ಮೇಲೆ ಮಾನನಷ್ಟ ಹೂಡಲು ಬರುವುದಿಲ್ಲ ಎಂಬಂಥ ಕಾನೂನಿನ ವಿಚಾರ. ಸೆಟ್‌ನಲ್ಲಿ ಏನಾಯಿತು ಎಂಬ ತೀರ್ಪು ಅದಲ್ಲ.

ಸಂಶೋಧನಾ ವರದಿಗಳಿಗೂ ಇದೇ ನಿಯಮ. ಹಾಲಿವುಡ್ ನಟಿ ಆಂಬರ್ ಹರ್ಡ್ ವಿರುದ್ಧದ ಟ್ರೋಲಿಂಗ್ ಬಗ್ಗೆ 2022ರ ಜುಲೈನಲ್ಲಿ ವರದಿ ಕೊಟ್ಟದ್ದೂ ಬಾಟ್ ಸೆಂಟಿನೆಲ್. ಅದೇ ಸಂಸ್ಥೆಯನ್ನು 2020ರಲ್ಲಿ ಹರ್ಡ್ ಕಡೆಯವರು ಕೆಲಸಕ್ಕೆ ಇಟ್ಟುಕೊಂಡಿದ್ದರು. ವರದಿ ಸುಳ್ಳು ಅಂತಲ್ಲ. ಆ ಸಾಲು ನಿಮ್ಮ ಶೀಟ್‌ನಲ್ಲಿ ಇರಬೇಕು, ಅಷ್ಟೇ.

## ಹಂತ 7: ಮೂರು ಪೆಟ್ಟಿಗೆಯಲ್ಲಿ ಒಂದನ್ನು ಆರಿಸಿ

ಶೀಟ್ ತುಂಬಿತು. ಈಗ ತೀರ್ಮಾನ. ನಿಮಗೆ ಮೂರು ಆಯ್ಕೆ ಮಾತ್ರ.

'ಸಂಘಟಿತ ಎನ್ನಲು ಆಧಾರ ಇಲ್ಲ': ಘಟನೆ ನಡೆಯಿತು, ಜನ ತಮ್ಮ ತಮ್ಮ ಮಾತಿನಲ್ಲಿ ಬೈದರು, ಅಲೆಗೆ ಬಾಲ ಇದೆ.

'ಸಂಘಟಿತ': ಒಂದೇ ಪಠ್ಯ, ಒಂದೇ ಹೊತ್ತು, ಒಂದೇ ಗುಂಪು. ಇಷ್ಟು ಹೊರಗಿನಿಂದ ಕೂತು ತೋರಿಸಬಹುದು.

'ಹಣ ಕೊಟ್ಟು ಮಾಡಿಸಿದ್ದು': ಇದಕ್ಕೆ ಕಾಗದ ಬೇಕು. ಬಿಲ್, ಒಪ್ಪಂದ, ಚಾಟ್, ಅಥವಾ ಕೆಲಸ ಮಾಡಿದವನ ಹೇಳಿಕೆ. ಲೈವ್ಲಿ ಪ್ರಕರಣದಲ್ಲಿ ಆ ಮೆಸೇಜ್‌ಗಳು ಹೊರಬಂದದ್ದು ಯಾರೋ ಟ್ವೀಟ್ ಎಣಿಸಿದ್ದರಿಂದಲ್ಲ. ಪಿಆರ್ ಕಂಪನಿ ಬಿಟ್ಟು ಹೋದ ಉದ್ಯೋಗಿಯ ಆಫೀಸ್ ಫೋನ್ ಕಂಪನಿಯ ಕೈಗೆ ಬಂತು, ಅಲ್ಲಿಂದ ವಕೀಲರ ಕೈಗೆ. ಒಗ್ಗಟ್ಟು ಹೊರಗಿನಿಂದ ಕಾಣುತ್ತದೆ, ಕಾಸು ಕಾಣಲ್ಲ. ನಮ್ಮ ಓದುಗರು ಪದೇ ಪದೇ ಸೋಲುವುದು ಇಲ್ಲೇ. ಎರಡನೇ ಪೆಟ್ಟಿಗೆಯ ಸಾಕ್ಷಿ ಹಿಡಿದು ಮೂರನೇ ಪೆಟ್ಟಿಗೆಯ ತೀರ್ಪು ಬರೆಯುತ್ತಾರೆ.

'ಯಾರಿಗೆ ಲಾಭ?' ಎಂಬ ಪ್ರಶ್ನೆಯನ್ನು ಬೇಕಂತಲೇ ಇಲ್ಲಿಯವರೆಗೆ ತಂದಿಲ್ಲ. ಮೊದಲೇ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ. ಸ್ಟಾರ್ ಜಗಳದಲ್ಲಿ ಎದುರಾಳಿಗಿಂತ ಜಾಸ್ತಿ ಲಾಭ ಆಗುವುದು ದಿನಕ್ಕೆ ಮೂರು ವಿಡಿಯೊ ಹಾಕುವ ಚಾನಲ್‌ಗಳಿಗೆ. ಅವರಿಗೆ ಸ್ಟಾರ್ ಕಡೆಯಿಂದ ಬಿಡಿಗಾಸೂ ಬೇಕಿಲ್ಲ, ಜಾಹೀರಾತಿನ ದುಡ್ಡೇ ಸಾಕು.

ಅವಸರ ಬೇಡ. ಸುಶಾಂತ್ ಸಿಂಗ್ ರಜಪೂತ್ ತೀರಿಕೊಂಡದ್ದು 2020ರ ಜೂನ್‌ನಲ್ಲಿ. ರಿಯಾ ಚಕ್ರವರ್ತಿಯನ್ನು ಕೊಲೆಗಾರ್ತಿ ಎಂದು ತೀರ್ಮಾನಿಸಲು ಟ್ರೆಂಡಿಂಗ್ ಪಟ್ಟಿಗೆ ಕೆಲವು ವಾರ ಸಾಕಾಯಿತು. ಸಿಬಿಐ ತನಿಖೆ ಮುಗಿಸಿ ಮುಕ್ತಾಯ ವರದಿ ಸಲ್ಲಿಸಿದ್ದು 2025ರ ಮಾರ್ಚ್‌ನಲ್ಲಿ, ಅದರಲ್ಲಿ ಕೊಲೆಯ ಮಾತಿರಲಿಲ್ಲ.

## ಹಂತ 8: ಬರೆಯುವ ಮುನ್ನ, ದೂರು ಕೊಡುವ ಮುನ್ನ

ನಿಮಗೆ ಸಿಕ್ಕಿದ್ದನ್ನು ಪೋಸ್ಟ್ ಮಾಡುವುದಾದರೆ ಯಾವ ಪೆಟ್ಟಿಗೆ ಎಂದು ಮೊದಲ ಸಾಲಿನಲ್ಲೇ ಹೇಳಿ. ಸಾಮಾನ್ಯ ಜನರ ಹ್ಯಾಂಡಲ್‌ಗಳನ್ನು ಮುಚ್ಚಿ. 'ಇಂಥವನು ದುಡ್ಡು ತಗೊಂಡ' ಎಂದು ಆಧಾರವಿಲ್ಲದೆ ಹೆಸರು ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಡಿ ಮಾನನಷ್ಟ ಕೇಸು ನಿಮ್ಮ ಮೇಲೆಯೇ ಬೀಳಬಹುದು.

ದಾಳಿ ನಿಮ್ಮ ಮೇಲೋ ನಿಮ್ಮವರ ಮೇಲೋ ನಡೆಯುತ್ತಿದ್ದರೆ ಕ್ರಮ ಹೀಗಿರಲಿ: ಮೊದಲು ಉಳಿಸುವುದು, ಆಮೇಲೆ ಆ್ಯಪ್‌ನಲ್ಲಿ ರಿಪೋರ್ಟ್, ಆಮೇಲೆ ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್ ಅಥವಾ ಹತ್ತಿರದ ಸೈಬರ್ (ಸೆನ್) ಠಾಣೆ. ಮೊದಲೇ ಬ್ಲಾಕ್ ಮಾಡಿದರೆ ಆ ಪೋಸ್ಟ್‌ಗಳನ್ನು ಮತ್ತೆ ಹುಡುಕಲು ನೀವೇ ಪರದಾಡಬೇಕು. ಕೋರ್ಟ್‌ವರೆಗೆ ಹೋಗುವುದಾದರೆ ಸ್ಕ್ರೀನ್‌ಶಾಟ್ ಪ್ರಿಂಟ್ ಮಾತ್ರ ಸಾಲದು, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು. ಸ್ಕ್ರೀನ್‌ಶಾಟ್ ತೆಗೆದ ಫೋನನ್ನು ಆ ತನಕ ರಿಸೆಟ್ ಮಾಡಬೇಡಿ, ಎಕ್ಸ್‌ಚೇಂಜ್ ಆಫರ್‌ಗೂ ಕೊಡಬೇಡಿ.